ಐಬುಪ್ರೊಫೆನ್ 20% ಇದ್ದಾಗ ಸಲೀಸಾಗಿ ಹರಿಯುವ ಮಿಶ್ರಣ 40%ಕ್ಕೆ ಹಾಪರ್‌ನಲ್ಲೇ ನಿಲ್ಲುವುದೇಕೆ?

ಹೊಸಬ್ಯಾಚ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಗ್ರಾನ್ಯುಲೇಷನ್ (ಪುಡಿಯನ್ನು ದಪ್ಪ ಕಾಳಾಗಿ ಕಟ್ಟುವುದು) ಇಲ್ಲದೆ, ಬೆರೆಸಿದ ಪುಡಿಯನ್ನೇ ನೇರವಾಗಿ ಒತ್ತುವ ಡೈರೆಕ್ಟ್ ಕಂಪ್ರೆಷನ್‌ನಲ್ಲಿ ಐಬುಪ್ರೊಫೆನ್ ಮಾತ್ರೆ ಮಾಡಬೇಕಿದೆ. ಎರಡು ಸ್ಟ್ರೆಂತ್, 100 ಮತ್ತು 200 ಮಿಗ್ರಾಂ. ಎರಡಕ್ಕೂ ಮಾತ್ರೆಯ ತೂಕ 500 ಮಿಗ್ರಾಂ, ಒಂದೇ 12 ಮಿಮೀ ಗುಂಡು ಪಂಚ್. ನಡುವೆ 150 ಮಿಗ್ರಾಂನದೂ ಒಂದು ಟ್ರಯಲ್ ಆಗಿದೆ. ಔಷಧ ಹೆಚ್ಚಿಸಿದಷ್ಟು ಎಂಸಿಸಿ ಪಿಎಚ್ 102 (ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್‌ನ ಒಂದು ದರ್ಜೆ, ಮಾತ್ರೆಗೆ ತೂಕ ತುಂಬುವ ಫಿಲ್ಲರ್) ಇಳಿಸಿದ್ದೇವೆ, ಬೇರೆ ಏನನ್ನೂ ಮುಟ್ಟಿಲ್ಲ.

100 ಮಿಗ್ರಾಂ ಮಾತ್ರೆಯಲ್ಲಿ ಪಿಎಚ್ 102 250 ಮಿಗ್ರಾಂ, ಸ್ಪ್ರೇ ಡ್ರೈಡ್ ಲ್ಯಾಕ್ಟೋಸ್ 130, ಕ್ರಾಸ್‌ಕಾರ್ಮೆಲೋಸ್ (ಮಾತ್ರೆ ಒಡೆಯಲು ಹಾಕುವುದು) 15, ಏರೋಸಿಲ್ 200 (ಹರಿವಿಗೆ ಹಾಕುವ ನವಿರು ಸಿಲಿಕಾ) 2.5, ಮೆಗ್ನೀಸಿಯಂ ಸ್ಟಿಯರೇಟ್ (ಪಂಚ್‌ಗೆ ಅಂಟದಂತೆ ಜಾರಿಕೆ ಕೊಡುವುದು) 2.5. 200 ಮಿಗ್ರಾಂನಲ್ಲಿ ಪಿಎಚ್ 102 150ಕ್ಕೆ ಇಳಿಯುತ್ತದೆ, ಅಷ್ಟೇ ವ್ಯತ್ಯಾಸ. ಐಬುಪ್ರೊಫೆನ್‌ನ ಡಿ50 (ಮಧ್ಯಮ ಕಣ ವ್ಯಾಸ) 35 ಮೈಕ್ರಾನ್.

ಅಳತೆಗಳು ಹೀಗಿವೆ (ಸಡಿಲವಾಗಿ ಸುರಿದ ಬಲ್ಕ್ ಸಾಂದ್ರತೆ / ತಟ್ಟಿ ಕೂರಿಸಿದ ಟ್ಯಾಪ್ಡ್ ಸಾಂದ್ರತೆ, ಗ್ರಾಂ ಪ್ರತಿ ಮಿಲೀ; ಕಾರ್ ಇಂಡೆಕ್ಸ್ ಅಂದರೆ ತಟ್ಟಿದಾಗ ಕುಗ್ಗುವ ಶೇಕಡಾ, ಹೆಚ್ಚಿದ್ದಷ್ಟೂ ಹರಿವು ಕೆಟ್ಟದು):
20%: 0.46 / 0.57, ಕಾರ್ ಇಂಡೆಕ್ಸ್ 19.3
30%: 0.43 / 0.57, ಕಾರ್ 24.6
40%: 0.39 / 0.57, ಕಾರ್ 31.6

ಎಲ್ಲ ಸಾಮಗ್ರಿ 40 ಮೆಷ್‌ನಲ್ಲಿ ಜರಡಿ, 100 ಲೀಟರ್ ಬಿನ್‌ನಲ್ಲಿ 30 ಕೆಜಿ, 15 ಆರ್‌ಪಿಎಂನಲ್ಲಿ 20 ನಿಮಿಷ. ಆಮೇಲೆ ಸ್ಟಿಯರೇಟ್ ಹಾಕಿ 3 ನಿಮಿಷ. 27 ಸ್ಟೇಷನ್ ಪ್ರೆಸ್, 40 ಆರ್‌ಪಿಎಂ. 20% ಮಿಶ್ರಣದಲ್ಲಿ ತೂಕದ ತೊಂದರೆಯೇ ಇಲ್ಲ. 30%ನಲ್ಲಿ ಆಗಾಗ ಏರುಪೇರು. 40%ನಲ್ಲಿ ಹಾಪರ್ (ಪ್ರೆಸ್‌ಗೆ ಪುಡಿ ಇಳಿಸುವ ಆಲಿಕೆ) ಕುತ್ತಿಗೆಯಲ್ಲಿ ಪುಡಿ ಕಮಾನು ಕಟ್ಟಿ ನಿಲ್ಲುತ್ತದೆ, ತಟ್ಟಿದರೆ ಒಮ್ಮೆಲೇ ಕುಸಿಯುತ್ತದೆ. ಮಾತ್ರೆ 470ರಿಂದ 530ರ ತನಕ ಹೊಯ್ದಾಡುತ್ತದೆ.

ಔಷಧ ದುಪ್ಪಟ್ಟಾಗಿದೆ ನಿಜ. ಆದರೆ ಮಿಶ್ರಣದ 60% ಇನ್ನೂ ಚೆನ್ನಾಗಿ ಹರಿಯುವ ಫಿಲ್ಲರ್‌ಗಳೇ ಅಲ್ಲವೇ? ಇಷ್ಟು ಹಠಾತ್ತಾಗಿ ಕೆಡಲು ಕಾರಣವೇನು? ಏರೋಸಿಲ್ 0.5ರಿಂದ 1%ಕ್ಕೆ ಏರಿಸಿದರೆ ಸರಿಹೋದೀತೇ?


ಹರಳುಪುಡಿ:

ಮಿಶ್ರಣವನ್ನು ತೂಕದ ಶೇಕಡಾದಲ್ಲಿ ನೋಡುತ್ತಿದ್ದೀರಿ. ಪುಡಿಗೆ ತೂಕದ ಲೆಕ್ಕ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಪಕ್ಕದ ಕಣದ ಮೈ ಮಾತ್ರ. ಆದ್ದರಿಂದ ತೂಕದಿಂದ ಗಾತ್ರಕ್ಕೆ (ಹಿಡಿಯುವ ಜಾಗಕ್ಕೆ), ಗಾತ್ರದಿಂದ ಮೇಲ್ಮೈಗೆ ಲೆಕ್ಕ ಬದಲಿಸಿ ನೋಡೋಣ.

ಮೊದಲು ಗಾತ್ರ. ಐಬುಪ್ರೊಫೆನ್‌ನ ನಿಜ ಸಾಂದ್ರತೆ ಸುಮಾರು 1.11. ಎಂಸಿಸಿ, ಲ್ಯಾಕ್ಟೋಸ್ ಎರಡೂ 1.55ರ ಆಸುಪಾಸು. ಔಷಧ ಹಗುರ, ಹಾಗಾಗಿ ಅದೇ ತೂಕಕ್ಕೆ ಹೆಚ್ಚು ಜಾಗ ಹಿಡಿಯುತ್ತದೆ. 100 ಗ್ರಾಂ ಮಿಶ್ರಣ ತೆಗೆದುಕೊಂಡರೆ 20 ಗ್ರಾಂ ಔಷಧ 18.0 ಮಿಲೀ, 80 ಗ್ರಾಂ ಉಳಿದದ್ದು 51.6 ಮಿಲೀ. ಅಂದರೆ ಔಷಧದ ಪಾಲು 20 ಅಲ್ಲ, 26%. ಇದೇ ರೀತಿ 30% ಮಿಶ್ರಣದಲ್ಲಿ 37%, 40%ನಲ್ಲಿ 48%. "60% ಫಿಲ್ಲರ್" ಅಂದಿರಲ್ಲ, ಜಾಗದ ಲೆಕ್ಕದಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಇನ್ನು ಮೇಲ್ಮೈ. ಕಣ ಚಿಕ್ಕದಾದಷ್ಟೂ ಅದೇ ಗಾತ್ರಕ್ಕೆ ಮೈ ಹೆಚ್ಚು, ಗಾತ್ರವನ್ನು ವ್ಯಾಸದಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಔಷಧ 35 ಮೈಕ್ರಾನ್, ಪಿಎಚ್ 102 ಸುಮಾರು 100, ಲ್ಯಾಕ್ಟೋಸ್ ಕೂಡ ಹತ್ತಿರ ಹತ್ತಿರ ಅಷ್ಟೇ ಎಂದಿಟ್ಟುಕೊಳ್ಳಿ. ಮಿಶ್ರಣದ ಒಟ್ಟು ಮೇಲ್ಮೈಯಲ್ಲಿ ಔಷಧದ ಪಾಲು 20%ನಲ್ಲೇ 50% ಮುಟ್ಟಿರುತ್ತದೆ. 30%ನಲ್ಲಿ 63%, 40%ನಲ್ಲಿ 73%.

ಎರಡು ಕಣ ತಾಗಿದಾಗ ಎರಡೂ ಔಷಧವೇ ಆಗಿರುವ ಸಂಭವ ಆ ಪಾಲಿನ ವರ್ಗ. 20%ನಲ್ಲಿ 0.25, 40%ನಲ್ಲಿ 0.53. ಎರಡೂ ಫಿಲ್ಲರ್ ಆಗಿರುವ ಸಂಭವ 0.25ರಿಂದ 0.07ಕ್ಕೆ ಬೀಳುತ್ತದೆ. ಹರಿವನ್ನು ಕಾಪಾಡುತ್ತಿದ್ದದ್ದು ಈ ಫಿಲ್ಲರ್–ಫಿಲ್ಲರ್ ತಾಗುಗಳು. ಔಷಧವನ್ನು ಎರಡು ಪಟ್ಟು ಮಾಡಿದ್ದಕ್ಕೆ ಅವು ಮೂರೂವರೆ ಪಟ್ಟು ಕಡಿಮೆಯಾದವು. ನಿಮಗೆ ಹಠಾತ್ತು ಅನ್ನಿಸಿದ್ದು ಇದೇ.

ಅಡುಗೆಮನೆಯಲ್ಲಿ ಇದನ್ನು ಐದು ನಿಮಿಷದಲ್ಲಿ ನೋಡಬಹುದು. ಉಪ್ಪಿಟ್ಟಿನ ರವೆಗೆ ಒಂದೊಂದೇ ಚಮಚ ಮೈದಾ ಬೆರೆಸುತ್ತಾ ಹೋಗಿ. ಮೊದಮೊದಲು ಮೈದಾ ರವೆಯ ಕಾಳಿಗೆ ಅಂಟಿ ಕಾಣದಾಗುತ್ತದೆ, ರವೆ ರವೆಯಾಗಿಯೇ ಸುರಿಯುತ್ತದೆ. ಕಾಳಿನ ಮೈ ತುಂಬಿದ ಮೇಲೆ ಹಾಕಿದ ಮೈದಾಕ್ಕೆ ಕೂರಲು ಜಾಗವಿಲ್ಲ. ಅದು ತನ್ನತನ್ನಲ್ಲೇ ಗಂಟು ಕಟ್ಟಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಇಡೀ ಬಟ್ಟಲು ಮೈದಾದಂತೆ ನಡೆಯುತ್ತದೆ, ಒಳಗೆ ರವೆಯೇ ಹೆಚ್ಚಿದ್ದರೂ. ಕಣಗಳು ಒಂದಕ್ಕೊಂದು ತಾಗಿ ಪಾತ್ರೆಯ ಈ ತುದಿಯಿಂದ ಆ ತುದಿಗೆ ಜಾಲ ಹೆಣೆಯುವ ಈ ಮಿತಿಗೆ ಪರ್ಕೊಲೇಷನ್ ಮಿತಿ ಅನ್ನುತ್ತಾರೆ. 1980ರ ದಶಕದಲ್ಲಿ ಬಾಸೆಲ್‌ನ ಲ್ಯೂಯೆನ್‌ಬರ್ಗರ್ ಇದನ್ನು ಮಾತ್ರೆಗಳ ವಿಚಾರಕ್ಕೆ ತಂದರು. ಸಮಗಾತ್ರದ ಗುಂಡು ಕಣಗಳಿಗೆ ಆ ಮಿತಿ ಜಾಗದ ಲೆಕ್ಕದಲ್ಲಿ ಸುಮಾರು 16%. ಕಣಗಳ ಗಾತ್ರ, ಆಕಾರ ಬೇರೆಯಾದಂತೆ ಅದು ಸರಿಯುತ್ತದೆ.

ಮೇಲಿನ ಲೆಕ್ಕದಲ್ಲಿ ಎಲ್ಲ ಕಣವನ್ನೂ ನುಣುಪು ಗುಂಡು ಎಂದು ಹಿಡಿದಿದ್ದೇನೆ. ಐಬುಪ್ರೊಫೆನ್ ಹರಳು ಕಡ್ಡಿ ಇಲ್ಲವೇ ಹಲಗೆಯ ಆಕಾರದ್ದು, ಒಂದರೊಳಗೊಂದು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ವಾಸ್ತವ ಇದಕ್ಕಿಂತ ಕೆಟ್ಟದ್ದೇ ಹೊರತು ಒಳ್ಳೆಯದಲ್ಲ.


ಶಿಯರ್‌ಸೆಲ್:

ಹರಳುಪುಡಿಯವರ ಲೆಕ್ಕವನ್ನು ಒಪ್ಪುತ್ತೇನೆ. ನಿಮ್ಮ ಅಂಕಿಗಳಲ್ಲಿ ಇನ್ನೊಂದು ಸಾಕ್ಷಿ ಅಡಗಿದೆ. ಮೂರೂ ಮಿಶ್ರಣದ ಟ್ಯಾಪ್ಡ್ ಡೆನ್ಸಿಟಿ 0.57. ಒಂದೇ ಅಂಕಿ ಎಂದು ಅದನ್ನು ಬಿಟ್ಟುಬಿಡಬೇಡಿ. 20% ಮಿಶ್ರಣದ ನಿಜ ಸಾಂದ್ರತೆ ಲೆಕ್ಕ ಹಾಕಿದರೆ 1.44, 40%ನದು 1.34. ಸಡಿಲವಾಗಿ ಸುರಿದಾಗ ಘನ ಭಾಗ (ನಡುವಿನ ಗಾಳಿ ಬಿಟ್ಟು ಕಣಗಳೇ ತುಂಬಿದ ಪಾಲು) 20%ನಲ್ಲಿ 0.32, 40%ನಲ್ಲಿ 0.29. ತಟ್ಟಿದ ಮೇಲೆ 0.40 ಮತ್ತು 0.43. ಅಂದರೆ 40% ಮಿಶ್ರಣ ತಟ್ಟಿದರೆ ಇನ್ನೂ ಬಿಗಿಯಾಗಿ ಕೂರಬಲ್ಲದು, ಸಣ್ಣ ಕಣ ಸಂದು ತುಂಬುತ್ತದಲ್ಲ. ಆದರೂ ತಾನಾಗಿ ಸುರಿದಾಗ ಹೆಚ್ಚು ಪೊಳ್ಳಾಗಿ ನಿಲ್ಲುತ್ತದೆ. ಜಾಗ ಇದ್ದರೂ ಕಣ ಕೆಳಗಿಳಿಯದೆ ಪಕ್ಕದ್ದನ್ನು ಹಿಡಿದು ನಿಂತಿದೆ ಎಂದಾಯಿತು. ಶುದ್ಧ ಅಂಟುತನದ ಲಕ್ಷಣ. ಹಗುರ ಔಷಧ ಸೇರಿದ್ದಕ್ಕೆ ಬಲ್ಕ್ ಡೆನ್ಸಿಟಿ ಇಳಿಯಿತು ಎಂದು ಯಾರಾದರೂ ರಿಪೋರ್ಟ್‌ನಲ್ಲಿ ಬರೆದಿದ್ದರೆ ಅದು ಅರ್ಧ ಸತ್ಯ.

ಯುಎಸ್‌ಪಿ (ಅಮೆರಿಕದ ಔಷಧ ಮಾನದಂಡ ಗ್ರಂಥ) ಪಟ್ಟಿಯಲ್ಲಿ ಕಾರ್ 16–20 ಪರವಾಗಿಲ್ಲ, 21–25 ಹೇಗೋ ನಡೆಯುತ್ತದೆ, 26–31 ಕಳಪೆ, 32–37 ತೀರಾ ಕಳಪೆ. ನಿಮ್ಮ 40% ಕಳಪೆ, ತೀರಾ ಕಳಪೆ ಎರಡರ ಗೆರೆಯ ಮೇಲಿದೆ. ಇಷ್ಟಾದರೂ ಕಾರ್ ಒಂದನ್ನೇ ನಂಬಿ ನಿರ್ಧಾರ ಮಾಡಬೇಡಿ. ಸಿಲಿಂಡರ್‌ಗೆ ಪುಡಿ ಸುರಿಯುವ ಕೈ ಬದಲಾದರೆ ಬಲ್ಕ್ ಅಂಕಿ ಬದಲಾಗುತ್ತದೆ. ಸುರಿಯುವ ಮೊದಲು ಗಂಟು ಬಿಡಿಸಲು 1 ಮಿಮೀ ಜರಡಿ ಆಡಿಸಿದ್ದೀರೋ ಇಲ್ಲವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಶಿಯರ್ ಸೆಲ್ (ಒತ್ತಿದ ಪುಡಿಯನ್ನು ಜಾರಿಸಿ ಬಲ ಅಳೆಯುವ ಯಂತ್ರ) ಸಿಕ್ಕರೆ ಮೂರೂ ಮಿಶ್ರಣದ ಫ್ಲೋ ಫಂಕ್ಷನ್ ಅಳೆಯಿರಿ. ಪುಡಿಯನ್ನು ಒತ್ತಿದ ಒತ್ತಡವನ್ನು, ಹಾಗೆ ಒತ್ತಿ ಗಟ್ಟಿಯಾದ ಪುಡಿಯನ್ನು ಮುರಿಯಲು ಬೇಕಾದ ಒತ್ತಡದಿಂದ ಭಾಗಿಸಿದ ಅಂಕಿ ಅದು. 10ಕ್ಕಿಂತ ಮೇಲೆ ಸ್ವಚ್ಛಂದ ಹರಿವು, 4ರಿಂದ 10 ಸುಲಭ, 2ರಿಂದ 4 ಅಂಟು, 2ರ ಕೆಳಗೆ ತುಂಬಾ ಅಂಟು. ಪಿಎಚ್ 102 ಒಂದನ್ನೇ ಅದೇ ಯಂತ್ರದಲ್ಲಿ ಅಳೆದು, "ನಮ್ಮ ಮಿಶ್ರಣ ಇದಕ್ಕಿಂತ ಕೆಳಗಿಳಿಯಬಾರದು" ಎಂದು ಗೆರೆ ಎಳೆದುಕೊಳ್ಳುವ ರೂಢಿ ಬಹಳ ಕಡೆ ಇದೆ. ವೇಗದ ಪ್ರೆಸ್‌ಗೆ ಅದು ಒಳ್ಳೆಯ ಗೆರೆ. ಒಂದು ಎಚ್ಚರಿಕೆ: 9 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ ಅಳೆದು ಹಾಪರ್ ಬಗ್ಗೆ ತೀರ್ಪು ಕೊಡಬೇಡಿ. ಪ್ರೆಸ್‌ನ ಸಣ್ಣ ಹಾಪರ್ ಬಾಯಲ್ಲಿ ಒತ್ತಡ 1 ಕಿಲೋಪ್ಯಾಸ್ಕಲ್‌ಗಿಂತಲೂ ಕಡಿಮೆ, ಅಂಟು ಪುಡಿ ಹೆಚ್ಚು ಮೊಂಡಾಗುವುದೂ ಅಲ್ಲೇ. ಯಂತ್ರ ಎಷ್ಟು ಕೆಳಗಿನ ಒತ್ತಡಕ್ಕೆ ನಂಬಿಕೆಯ ಅಂಕಿ ಕೊಡುತ್ತದೋ ಅಷ್ಟಕ್ಕೆ ಅಳೆಯಿರಿ.

ಕಮಾನಿನ ಲೆಕ್ಕವೂ ಇದರಿಂದಲೇ ಬರುತ್ತದೆ. ಶಂಕುವಿನಾಕಾರದ ಹಾಪರ್‌ಗೆ ಬೇಕಾದ ಕನಿಷ್ಠ ಬಾಯಿ ಸುಮಾರು 2.2 × ಪುಡಿಯ ಬಲ ÷ (ಬಲ್ಕ್ ಡೆನ್ಸಿಟಿ × 9.81). ಬಾಯಿಯ ಹತ್ತಿರ ಪುಡಿಯ ಬಲ 100 ಪ್ಯಾಸ್ಕಲ್, ಬಲ್ಕ್ ಡೆನ್ಸಿಟಿ ಘನಮೀಟರ್‌ಗೆ 390 ಕೆಜಿ ಎಂದಾದರೆ 57 ಮಿಮೀ. ಬಲ ಇಮ್ಮಡಿಯಾದರೆ 115 ಮಿಮೀ. ಬಲ್ಕ್ ಡೆನ್ಸಿಟಿ ಛೇದದಲ್ಲಿರುವುದನ್ನು ಗಮನಿಸಿ. ಔಷಧ ಹೆಚ್ಚಿಸಿದಾಗ ಅಂಟು ಏರುತ್ತದೆ, ಕಮಾನನ್ನು ಮುರಿಯಬೇಕಾದ ಸ್ವಂತ ತೂಕ ಇಳಿಯುತ್ತದೆ. ಎರಡೂ ಕಡೆಯಿಂದ ಏಟು.


ಟರೆಟ್27:

ಲೆಕ್ಕ ಚೆನ್ನಾಗಿದೆ ಸರ್, ಮಷಿನ್ ಕಡೆಯದು ನಾನು ಹೇಳ್ತೀನಿ.

ಮೊದಲು ಬ್ಲೆಂಡರ್. 30 ಕೆಜಿ ಅಂತ ತೂಕದಲ್ಲಿ ಕಟ್ಟಿಹಾಕ್ಕೊಂಡಿದ್ದೀರಿ. 0.46ರಲ್ಲಿ ಅದು 65 ಲೀಟರ್, 0.39ರಲ್ಲಿ 77 ಲೀಟರ್. 100 ಲೀಟರ್ ಬಿನ್‌ನಲ್ಲಿ 77 ತುಂಬಿದ್ರೆ ಮೇಲೆ ಪುಡಿ ಉರುಳೋಕೆ ಜಾಗ ಎಲ್ಲಿದೆ? 50ರಿಂದ 70ರ ಒಳಗೆ ಇಟ್ಕೊಳ್ಳಿ. 40% ಬ್ಯಾಚನ್ನ 25 ಕೆಜಿಗೆ ಇಳಿಸಿ, 64 ಲೀಟರ್ ಆಗುತ್ತೆ. ಅಂಟು ಪುಡಿಗೇ ಹೆಚ್ಚು ಉರುಳಾಟ ಬೇಕು, ನೀವು ಅದಕ್ಕೇ ಕಡಿಮೆ ಕೊಟ್ಟಿದ್ದೀರಿ.

ಎರಡನೇದು ಫಿಲ್ ಕ್ಯಾಮ್, ಅಂದ್ರೆ ಕೆಳಗಿನ ಪಂಚ್ ಇಳಿಸಿ ಡೈಗೆ (ಅಚ್ಚಿನ ಗುಳಿಗೆ) ಎಷ್ಟು ಆಳ ಪುಡಿ ತುಂಬಬೇಕು ಅಂತ ನಿರ್ಧರಿಸೋ ಭಾಗ. 500 ಮಿಗ್ರಾಂಗೆ 0.46ರಲ್ಲಿ 1.09 ಮಿಲೀ ಬೇಕು, 12 ಮಿಮೀ ಡೈನಲ್ಲಿ 9.6 ಮಿಮೀ ಆಳ. 0.39ರಲ್ಲಿ 1.28 ಮಿಲೀ, 11.3 ಮಿಮೀ. ಕ್ಯಾಮ್ ಬದಲಾಯಿಸದೆ 20%ನ ಕ್ಯಾಮಲ್ಲೇ 40% ಓಡಿಸಿದ್ರೆ ಹೆಚ್ಚು ತುಂಬಿ ಕೆರೆದು ತೆಗೆಯೋಕೆ ಏನೂ ಉಳಿಯಲ್ಲ. ಡೈ ಅರೆಬರೆ ತುಂಬಿದ್ದು ಹಾಗೇ ಮಾತ್ರೆ ಆಗುತ್ತೆ. ಬೇಕಾದ ಆಳಕ್ಕಿಂತ 1ರಿಂದ 3 ಮಿಮೀ ಹೆಚ್ಚು ತುಂಬಿಸಿ, ವಾಪಸ್ ತಳ್ಳಿ, ಸ್ಕ್ರೇಪರ್‌ನಲ್ಲಿ ಕೆರೆಯೋ ಕ್ಯಾಮ್ ಹಾಕಿ. ಅರ್ಧ ತೂಕದ ಕಂಪ್ಲೇಂಟ್ ಇಲ್ಲೇ ಇರುತ್ತೆ, ಫಾರ್ಮುಲೇಷನ್‌ನವರನ್ನ ಬೈತಿರ್ತಾರೆ.

ಫೀಡರ್ ಪ್ಯಾಡಲ್ ಸ್ಪೀಡ್ ಏರಿಸಿ ಸರಿಮಾಡ್ತೀನಿ ಅಂತ ಹೋಗಬೇಡಿ. ಸ್ವಲ್ಪ ದೂರ ಸಹಾಯ ಮಾಡುತ್ತೆ. ಆಮೇಲೆ ಫೀಡರ್‌ನೊಳಗೇ ಸ್ಟಿಯರೇಟ್ ಇನ್ನಷ್ಟು ಸವರಿಕೊಂಡು ಮಾತ್ರೆ ಮೆತ್ತಗಾಗುತ್ತೆ. ಐಬುಪ್ರೊಫೆನ್ 75–78 ಡಿಗ್ರಿಗೆ ಕರಗೋ ವಸ್ತು ಬೇರೆ. ಫೀಡರ್ ಬಿಸಿ, ಪಂಚ್ ಬಿಸಿ, ಎರಡೂ ಸೇರಿ ಪಂಚ್ ಮುಖಕ್ಕೆ ಮೆತ್ತಿಕೊಳ್ಳೋಕೆ ಶುರುವಾಗುತ್ತೆ. 40%ನಲ್ಲಿ ಅಂಟೋ ಔಷಧವೂ ಜಾಸ್ತಿ. ಮೊದಲ ಅರ್ಧ ಗಂಟೆ ಚೆನ್ನಾಗಿದೆ ಅಂತ ಟ್ರಯಲ್ ಮುಗಿಸಬೇಡಿ, ಟರೆಟ್ (ಪಂಚ್‌ಗಳು ಕೂತು ತಿರುಗೋ ಚಕ್ರ) ಬಿಸಿ ಆಗೋ ತನಕ ಓಡಿಸಿ.

ಹಾಪರ್‌ನಲ್ಲಿ ಪುಡಿ ಎತ್ತರ ಒಂದೇ ಮಟ್ಟ ಇರಲಿ. ತುಂಬಿ ತುಳುಕೋ ಹಾಗೆ ಹಾಕಿದ್ರೆ ಕೆಳಗಿನ ಪುಡಿ ಒತ್ತಿ ಗಟ್ಟಿ ಆಗುತ್ತೆ, ಬರಿದಾಗೋಕೆ ಬಿಟ್ರೆ ಡೈಗೆ ಹೋಗೋ ಪುಡಿಯ ಸಾಂದ್ರತೆ ಇಳಿಯುತ್ತೆ. ಅರ್ಧದಿಂದ ಮುಕ್ಕಾಲು. ಹಾಪರ್ ತಟ್ಟೋದಂತೂ ನಿಲ್ಲಿಸಿ. ಕುಸಿದಾಗ ಸಾಂದ್ರತೆ ಒಮ್ಮೆಲೇ ಏರುತ್ತೆ, ನಿಮ್ಮ 530 ಬಂದಿದ್ದು ಅಲ್ಲಿಂದಲೇ. ನಡುವೆ ಇಲಿಬಿಲದ ತರ ತೂತು ಬಿದ್ದು ಸುತ್ತ ಪುಡಿ ಗೋಡೆಯಾಗಿ ನಿಂತ್ರೂ ಅದೇ ಕಥೆ.

ಐಪಿ (ಭಾರತದ ಔಷಧ ಮಾನದಂಡ ಗ್ರಂಥ) ಪ್ರಕಾರ 250 ಮಿಗ್ರಾಂ ಮೇಲಿನ ಮಾತ್ರೆಗೆ 5%, ಅಂದ್ರೆ 475ರಿಂದ 525. 20ರಲ್ಲಿ ಎರಡಕ್ಕಿಂತ ಹೆಚ್ಚು ಅದರಾಚೆ ಹೋಗಬಾರದು. ನಿಮ್ಮದು ಆಗಲೇ ಹೊರಗಿದೆ.


ಹೊಸಬ್ಯಾಚ್:

ತುಂಬಾ ಧನ್ಯವಾದ. ಕ್ಯಾಮ್ ನಿಜವಾಗಿಯೂ 20%ನದೇ ಇದೆ, ಬದಲಿಸಿಲ್ಲ. ಬಿನ್ ತುಂಬಿಕೆಯೂ ಟರೆಟ್27 ಹೇಳಿದಂತೆಯೇ.

ಇನ್ನು ಏರೋಸಿಲ್ ಪ್ರಶ್ನೆ ಉಳಿಯಿತು. ಜೊತೆಗೆ ಇನ್ನೊಂದು ಸಲಹೆ ಬಂದಿದೆ: ಪಿಎಚ್ 102 ಬದಲು ಪಿಎಚ್ 200 ಹಾಕಿ, ಅದು ದೊಡ್ಡ ಕಣ, ಇನ್ನೂ ಚೆನ್ನಾಗಿ ಹರಿಯುತ್ತದೆ ಎಂದು. ಇದು ಸರಿಯೇ?


ಹರಳುಪುಡಿ:

ಪಿಎಚ್ 200 ಒಂಟಿಯಾಗಿ ಚೆನ್ನಾಗಿ ಹರಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ನಿಮಗೆ ಬೇಕಾಗಿರುವುದು ಒಂಟಿ ಹರಿವಲ್ಲ, ಸಣ್ಣ ಔಷಧವನ್ನು ಮೈಮೇಲೆ ಹೊತ್ತುಕೊಳ್ಳುವ ಶಕ್ತಿ. 180 ಮೈಕ್ರಾನ್ ಕಣದ ಮೇಲ್ಮೈ ಅದೇ ತೂಕದ 100 ಮೈಕ್ರಾನ್ ಕಣದ್ದಕ್ಕಿಂತ ಬಹಳ ಕಡಿಮೆ. ಫಿಲ್ಲರ್ ಎಲ್ಲವನ್ನೂ 180 ಎಂದು ಹಿಡಿದು ಲೆಕ್ಕ ಹಾಕಿದರೆ 40% ಮಿಶ್ರಣದಲ್ಲಿ ಔಷಧದ ಮೇಲ್ಮೈ ಪಾಲು 73ರಿಂದ 83%ಕ್ಕೆ ಏರುತ್ತದೆ. 5% ಔಷಧ ಇರುವ ಮಿಶ್ರಣಕ್ಕೆ ಪಿಎಚ್ 200 ಒಳ್ಳೆಯ ಆಯ್ಕೆ. ನಿಮ್ಮದಕ್ಕೆ ಅಲ್ಲ. ಗಾತ್ರದ ಅಂತರವೂ ಮೂರು ಪಟ್ಟಿನಿಂದ ಐದು ಪಟ್ಟಾಗುತ್ತದೆ, ದೊಡ್ಡ ಕಣಗಳ ಸಂದಿನಲ್ಲಿ ಸಣ್ಣದು ಜಾರಿ ಇಳಿಯುವ ಅಪಾಯ ಹೆಚ್ಚು.

ಬದಲಿಸಬೇಕಿದ್ದರೆ ಎದುರು ಕಡೆಯಿಂದ ಬದಲಿಸಿ. ಐಬುಪ್ರೊಫೆನ್ ಹಲವು ಕಣ ಗಾತ್ರಗಳಲ್ಲಿ ಸಿಗುತ್ತದೆ, 25, 50, 70 ಹೀಗೆ. 70 ಮೈಕ್ರಾನ್‌ನದು ತಂದರೆ 40% ಮಿಶ್ರಣದಲ್ಲಿ ಔಷಧದ ಮೇಲ್ಮೈ ಪಾಲು 57%. ಅದು ನಿಮ್ಮ ಈಗಿನ 20 ಮತ್ತು 30% ಮಿಶ್ರಣಗಳ ನಡುವಿನ ಜಾಗ. ಬೇರೆ ಯಾವ ಒಂದೇ ಬದಲಾವಣೆಯೂ ಇಷ್ಟು ಕೊಡುವುದಿಲ್ಲ. ಡಿಸಲ್ಯೂಷನ್ (ಮಾತ್ರೆಯಿಂದ ಔಷಧ ಕರಗುವ ಪರೀಕ್ಷೆ) ಮಾತ್ರ ಮತ್ತೆ ನೋಡಬೇಕು. ಯುಎಸ್‌ಪಿ ವಿಧಾನ ಪಿಎಚ್ 7.2ರ (ಇಲ್ಲಿ ಪಿಎಚ್ ಎಂದರೆ ಆಮ್ಲೀಯತೆಯ ಅಳತೆ) ಫಾಸ್ಫೇಟ್ ಬಫರ್, 900 ಮಿಲೀ, ಪ್ಯಾಡಲ್ 50 ಆರ್‌ಪಿಎಂ, 60 ನಿಮಿಷಕ್ಕೆ 80%. ಆ ಬಫರ್‌ನಲ್ಲಿ ಐಬುಪ್ರೊಫೆನ್ ಚೆನ್ನಾಗಿ ಕರಗುತ್ತದೆ, ದಪ್ಪ ಕಣವೂ ಸಾಮಾನ್ಯವಾಗಿ ದಾಟುತ್ತದೆ. ಆದರೆ ಆಮ್ಲದಲ್ಲಿ ಕರಗುವುದು ಬಹಳ ಕಡಿಮೆ. ಹೋಲಿಕೆ ಪ್ರೊಫೈಲ್‌ಗಳನ್ನು ಕಡಿಮೆ ಪಿಎಚ್‌ನಲ್ಲೂ ತೆಗೆಯಿರಿ.

ಏರೋಸಿಲ್ ವಿಚಾರಕ್ಕೆ ಬಂದರೆ, ಎಷ್ಟು ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ದೊಡ್ಡ ಪ್ರಶ್ನೆ. ಅದರ ಕೆಲಸ ಔಷಧದ ಹರಳಿನ ಮೇಲೆ ಸಣ್ಣ ಉಬ್ಬುಗಳಾಗಿ ಕೂತು ಎರಡು ಹರಳು ಮೈಗೆ ಮೈ ತಾಗದಂತೆ ತಡೆಯುವುದು. ನೀವು ಎಲ್ಲವನ್ನೂ ಒಟ್ಟಿಗೆ ಉರುಳಿಸಿದ್ದೀರಿ. ಎಂಸಿಸಿಯ ಮೈ ಒರಟು, ಗುಳಿ ಗುಳಿ. ಸಿಲಿಕಾದ ದೊಡ್ಡ ಪಾಲು ಆ ಗುಳಿಗಳಿಗೆ ಹೋಗಿ ಸೇರುತ್ತದೆ, ಅಲ್ಲಿ ಅದು ಯಾರನ್ನೂ ಯಾರಿಂದಲೂ ದೂರ ಇಡುವುದಿಲ್ಲ. ಇನ್ನಷ್ಟು ಪಾಲು ಗಂಟಾಗಿಯೇ ಉಳಿಯುತ್ತದೆ.

20%ನಿಂದ 40%ಕ್ಕೆ ಹೋದಾಗ ಔಷಧದ ಒಟ್ಟು ಮೇಲ್ಮೈ ಎರಡು ಪಟ್ಟಾಯಿತು, ಸಿಲಿಕಾ ಅಷ್ಟೇ ಉಳಿಯಿತು. ಎಷ್ಟು ಬೇಕು? ಏರೋಸಿಲ್ 200ರ ಮೂಲ ಕಣ 12 ನ್ಯಾನೋಮೀಟರ್. 35 ಮೈಕ್ರಾನ್ ಹರಳಿಗೆ ಒಂದು ಪೂರ್ಣ ಪದರ ಹೊದಿಸಲು ಕಾಗದದ ಮೇಲೆ ಔಷಧದ ತೂಕದ 0.27% ಸಾಕು: 4 × (0.012 ÷ 35) × (2.2 ÷ 1.11). ವಾಸ್ತವದಲ್ಲಿ ಸಿಲಿಕಾ ಬಿಡಿ ಕಣವಾಗಿ ಎಂದೂ ಬಿಚ್ಚಿಕೊಳ್ಳುವುದಿಲ್ಲ, ಗೊಂಚಲಾಗಿಯೇ ಕೂರುತ್ತದೆ. ಹಾಗಾಗಿ ಔಷಧದ ತೂಕದ 0.5ರಿಂದ 1% ಎಂದು ಇಟ್ಟುಕೊಳ್ಳಿ. ನಿಮ್ಮ 200 ಮಿಗ್ರಾಂಗೆ 1ರಿಂದ 2 ಮಿಗ್ರಾಂ. ಅಂದರೆ ಈಗ ಹಾಕುತ್ತಿರುವ 2.5 ಮಿಗ್ರಾಂ ಒಳಗೇ ಕೆಲಸ ಆಗಬಹುದು, ಜಾಗಕ್ಕೆ ತಲುಪಿಸಿದರೆ.

3 ಕೆಜಿ ಟ್ರಯಲ್‌ಗೆ ಹೀಗೆ ಮಾಡಿ. ಐಬುಪ್ರೊಫೆನ್ 1200 ಗ್ರಾಂ, ಪಿಎಚ್ 102 900, ಲ್ಯಾಕ್ಟೋಸ್ 780, ಕ್ರಾಸ್‌ಕಾರ್ಮೆಲೋಸ್ 90, ಏರೋಸಿಲ್ 15, ಸ್ಟಿಯರೇಟ್ 15. ಏರೋಸಿಲ್‌ನಲ್ಲಿ 10 ಗ್ರಾಂ ತೆಗೆದು 200 ಗ್ರಾಂ ಐಬುಪ್ರೊಫೆನ್ ಜೊತೆ ಚೀಲದಲ್ಲಿ ಕೈಯಲ್ಲೇ ಬೆರೆಸಿ 30 ಮೆಷ್ ದಾಟಿಸಿ. ಅದಕ್ಕೆ ಉಳಿದ 1000 ಗ್ರಾಂ ಸೇರಿಸಿ ಚೀಲದಲ್ಲಿ 5 ನಿಮಿಷ. ಆಮೇಲೆ ಕೋಮಿಲ್‌ನಲ್ಲಿ (ಶಂಕುವಿನಾಕಾರದ ಜರಡಿ ಇರುವ ಗಿರಣಿಯಲ್ಲಿ) 0.8 ಮಿಮೀ ಗುಂಡು ರಂಧ್ರದ ಸ್ಕ್ರೀನ್, ಕಡಿಮೆ ವೇಗ, ಎರಡು ಸಲ. ವೇಗ ಏರಿಸಿದರೆ ಸ್ಕ್ರೀನ್ ಬಿಸಿಯಾಗಿ ಐಬುಪ್ರೊಫೆನ್ ಮೇಣದಂತೆ ಬಳಿದುಕೊಳ್ಳುತ್ತದೆ, ನಡುನಡುವೆ ಸ್ಕ್ರೀನ್ ಮುಟ್ಟಿ ನೋಡಿ. ಉಳಿದ 5 ಗ್ರಾಂ ಏರೋಸಿಲ್ ಪಿಎಚ್ 102 ಜೊತೆ 40 ಮೆಷ್. ಬಳಿಕ ಸ್ಟಿಯರೇಟ್ ಬಿಟ್ಟು ಎಲ್ಲವನ್ನೂ 12 ಲೀಟರ್ ಬ್ಲೆಂಡರ್‌ನಲ್ಲಿ 20 ಆರ್‌ಪಿಎಂ, 15 ನಿಮಿಷ. ಸ್ಟಿಯರೇಟ್ 60 ಮೆಷ್ ದಾಟಿಸಿ ಕೊನೆಯ 3 ನಿಮಿಷ.

ಕೋಮಿಲ್ ಆದ ಮೇಲೆ ಸಿಲಿಕಾ ಹೊದ್ದ ಔಷಧವನ್ನು ಮಾತ್ರ ಒಂದು ಹಿಡಿ ತೆಗೆದು ಬಲ್ಕ್, ಟ್ಯಾಪ್ಡ್ ನೋಡಿ. ಬರಿ ಔಷಧದ್ದಕ್ಕಿಂತ ಬಲ್ಕ್ ಡೆನ್ಸಿಟಿ ಸ್ಪಷ್ಟವಾಗಿ ಏರಿರಬೇಕು. ಏರಿಲ್ಲವೆಂದರೆ ಹೊದಿಕೆ ಆಗಿಲ್ಲ, ಮುಂದೆ ಹೋಗಿ ಪ್ರಯೋಜನವಿಲ್ಲ.

ಎಲ್ಲದಕ್ಕೂ 1% ಸುರಿಯುವುದರಿಂದ ಬರುವ ತೊಂದರೆ ಬೇರೆ. ಹೆಚ್ಚಾದ ಸಿಲಿಕಾ ತಾನೇ ನವಿರು ಪುಡಿ, ಧೂಳೆಬ್ಬಿಸುತ್ತದೆ, ಒಂದು ಹಂತದ ಮೇಲೆ ಹರಿವೂ ಹಿಂದಕ್ಕೆ ಹೋಗುತ್ತದೆ.


ಶಿಯರ್‌ಸೆಲ್:

ಎರಡು ಸೇರ್ಪಡೆ, ಒಂದು ತಕರಾರು.

ತಕರಾರು ಮೊದಲು. ಪಿಎಚ್ 200ಅನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಔಷಧದ ಮೈಗೆ ಸಿಲಿಕಾ ಸರಿಯಾಗಿ ಕೂತ ಮೇಲೆ ಹೊತ್ತುಕೊಳ್ಳುವ ಪ್ರಶ್ನೆಯೇ ಹಗುರಾಗುತ್ತದೆ. ಆಗ ದಪ್ಪ ಫಿಲ್ಲರ್ ಲಾಭ ಕೊಡಬಹುದು. ಆದರೆ ಅದು ಎರಡನೇ ಹೆಜ್ಜೆ. ಎರಡನ್ನೂ ಒಂದೇ ಟ್ರಯಲ್‌ನಲ್ಲಿ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು. ಮೇಲಾಗಿ ಮಿಶ್ರಣ ಚೆನ್ನಾಗಿ ಹರಿಯತೊಡಗಿದಾಗಲೇ ಬೇರ್ಪಡುವ ಅಪಾಯ ಶುರು. ಅಂಟುವ ಪುಡಿ ಬೇರ್ಪಡುವುದಿಲ್ಲ, ಕಣಕ್ಕೆ ಕದಲಲು ಸ್ವಾತಂತ್ರ್ಯ ಬಂದಾಗಲೇ ಸಣ್ಣದು ಒಂದು ಕಡೆ, ದೊಡ್ಡದು ಇನ್ನೊಂದು ಕಡೆ ಹೋಗುತ್ತದೆ. ಹರಿವು ಸರಿಹೋಯಿತು ಎಂದು ಸಂಭ್ರಮಿಸುವ ಮೊದಲು ಬಿನ್ ಖಾಲಿಯಾಗುವ ಕೊನೆಯ ಭಾಗದ ಮಾತ್ರೆಗಳ ಅಸ್ಸೇ (ಔಷಧದ ಪ್ರಮಾಣ) ನೋಡಿ. ಪ್ರತಿ ಮಾತ್ರೆಯ ಅಸ್ಸೇಯನ್ನು ಅದರ ತೂಕದಿಂದ ಭಾಗಿಸಿ. ಭಾಗಿಸಿದ ಮೇಲೆ ಏರುಪೇರು ಮಾಯವಾದರೆ ಸಮಸ್ಯೆ ಡೈ ತುಂಬುವುದರಲ್ಲಿದೆ. ಉಳಿದುಕೊಂಡರೆ ಮಿಶ್ರಣ ಬೇರ್ಪಟ್ಟಿದೆ ಅಥವಾ ಮೊದಲೇ ಸರಿಯಾಗಿ ಬೆರೆತಿಲ್ಲ. ಈ ಒಂದು ಭಾಗಾಕಾರ ಮಾಡದೆ ವಾರಗಟ್ಟಲೆ ವಾದ ಮಾಡುವವರಿದ್ದಾರೆ.

ಸೇರ್ಪಡೆ ಒಂದು: ತೇವ. ಐಬುಪ್ರೊಫೆನ್ ನೀರನ್ನು ಹತ್ತಿರ ಸೇರಿಸದು, ಒಣ ಗಾಳಿಯಲ್ಲಿ ಬೇಗ ವಿದ್ಯುದಾವೇಶ ಪಡೆದು ಚೀಲಕ್ಕೆ, ಜರಡಿಗೆ, ಬಿನ್ ಗೋಡೆಗೆ ಅಂಟುತ್ತದೆ. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್‌ನ ಒಣ ದಿನಗಳಲ್ಲಿ ರೂಮಿನ ತೇವಾಂಶ ನಿಯಂತ್ರಣ ಸಡಿಲವಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ಎಂಸಿಸಿ ತದ್ವಿರುದ್ಧ, 3ರಿಂದ 5% ನೀರು ಇಟ್ಟುಕೊಂಡಿರುತ್ತದೆ. ಔಷಧ ಹೆಚ್ಚಿಸಿ ಎಂಸಿಸಿ ಇಳಿಸಿದಾಗ ಆವೇಶವನ್ನು ಸೋರಿ ಹೋಗಲು ಬಿಡುವ ವಸ್ತುವೂ ಕಡಿಮೆಯಾಯಿತು. 45% ಆಸುಪಾಸಿನ ತೇವಾಂಶದಲ್ಲಿ ಮಿಶ್ರಣವನ್ನು ಕೆಲವು ಗಂಟೆ ಹಾಗೇ ಇಟ್ಟು ಅಳೆಯಿರಿ. ಬೆರೆಸಿದ ಕೂಡಲೇ ಅಳೆದ ಅಂಕಿಗೂ ಮರುದಿನದ ಅಂಕಿಗೂ ವ್ಯತ್ಯಾಸ ಬಂದರೆ ಆಶ್ಚರ್ಯ ಬೇಡ.

ಸೇರ್ಪಡೆ ಎರಡು: ಇದು ಹೊಸ ಉತ್ಪನ್ನವಾದರೆ ಸರಿ, ಅಮೆರಿಕದಲ್ಲಿ ಈಗಾಗಲೇ ಒಪ್ಪಿಗೆ ಪಡೆದದ್ದಾದರೆ ಏರೋಸಿಲ್ ಅಳತೆಗೆ ಕೈ ಹಾಕುವ ಮೊದಲು ರೆಗ್ಯುಲೇಟರಿಯವರನ್ನು ಕೇಳಿ. 1995ರ ಸುಪಾಕ್ ಐಆರ್ (ಒಪ್ಪಿಗೆಯ ನಂತರದ ಬದಲಾವಣೆಗಳಿಗೆ ಎಫ್‌ಡಿಎ ಮಾರ್ಗಸೂಚಿ) ಪ್ರಕಾರ ಟಾಲ್ಕ್ ಅಲ್ಲದ ಗ್ಲೈಡೆಂಟ್‌ಗೆ (ಏರೋಸಿಲ್‌ನಂತೆ ಹರಿವಿಗೆ ಹಾಕುವ ವಸ್ತುವಿಗೆ) ಮೊದಲ ಹಂತದ ಬದಲಾವಣೆ ಮಾತ್ರೆಯ ತೂಕದ ±0.1% ಮಾತ್ರ, ಎರಡನೆಯದು ±0.2%. 0.5ರಿಂದ 1%ಕ್ಕೆ ಹೋಗುವುದು ಮೂರನೇ ಹಂತ. ಫಿಲ್ಲರ್‌ಗೆ ಮೊದಲ ಹಂತದಲ್ಲೇ ±5% ಸ್ವಾತಂತ್ರ್ಯವಿದೆ. ಹರಳುಪುಡಿಯವರ ದಾರಿಯಲ್ಲಿ ಒಟ್ಟು ಸಿಲಿಕಾ ಬದಲಾಗುವುದಿಲ್ಲ, ಹಾಕುವ ಕ್ರಮ ಮಾತ್ರ ಬದಲಾಗುತ್ತದೆ. ಅದಕ್ಕೂ ಕಾಗದಪತ್ರ ಬೇಕು, ಆದರೆ ಬೇರೆ ಬಗೆಯದು.


ಟರೆಟ್27:

ಸ್ಟಿಯರೇಟ್ ಬಗ್ಗೆ ಒಂದು ಮಾತು. 3 ಕೆಜಿಯಲ್ಲಿ 3 ನಿಮಿಷ ಸರಿಹೋಯ್ತು ಅಂತ 300 ಕೆಜಿಯಲ್ಲೂ ಅದೇ 3 ನಿಮಿಷ ಇಡಬೇಡಿ. ದೊಡ್ಡ ಬಿನ್‌ನಲ್ಲಿ ಪುಡಿ ಎತ್ತರದಿಂದ ಬೀಳುತ್ತೆ, ಪದರ ಪದರ ಉಜ್ಜಾಟ ಜಾಸ್ತಿ. ಒಟ್ಟು ಸುತ್ತು ಲೆಕ್ಕ ಹಾಕಿ, ಅದರ ಎರಡೂ ಬದಿಯಲ್ಲಿ ಮಾದರಿ ತೆಗೆದು ಗಡಸುತನ ನೋಡಿ. ಐಬುಪ್ರೊಫೆನ್ ಪಂಚ್‌ಗೆ ಅಂಟುತ್ತೆ ಅಂತ ಸ್ಟಿಯರೇಟ್ ಜಾಸ್ತಿ ಹಾಕೋದು ಎಲ್ಲರೂ ಮಾಡೋ ತಪ್ಪು. ಎಂಸಿಸಿ 150ಕ್ಕೆ ಇಳಿದಿದೆ, ಮಾತ್ರೆಯನ್ನ ಹಿಡಿದಿಡೋದು ಅದೇ. ಅದರ ಮೇಲೂ ಸ್ಟಿಯರೇಟ್ ಬಳಿದ್ರೆ ಕ್ಯಾಪಿಂಗ್ (ಮಾತ್ರೆಯ ಮೇಲ್ಭಾಗ ಕಳಚೋದು) ಬರುತ್ತೆ. ಪಂಚ್ ಮುಖ ಪಾಲಿಶ್ ಮಾಡಿಸಿ, ಪ್ರೀ ಕಂಪ್ರೆಷನ್ (ಮುಖ್ಯ ಒತ್ತಿಗೆ ಮೊದಲಿನ ಹಗುರ ಒತ್ತು) ಏರಿಸಿ, ರೂಮ್ ತಣ್ಣಗಿಡಿ, ಆಮೇಲೆ ಸ್ಟಿಯರೇಟ್ ಕಡೆ ನೋಡಿ.


ಹೊಸಬ್ಯಾಚ್:

ಹಾಗಾದರೆ ಕ್ರಮ ಹೀಗೆ ಇಟ್ಟುಕೊಳ್ಳುತ್ತೇನೆ: ಮೊದಲು ಈಗಿರುವ 40% ಮಿಶ್ರಣವನ್ನೇ 25 ಕೆಜಿಗೆ ಇಳಿಸಿ, ಕ್ಯಾಮ್ ಬದಲಿಸಿ ಒಂದು ಓಟ. ಆಮೇಲೆ ಏರೋಸಿಲ್ ಔಷಧದ ಜೊತೆ ಮೊದಲೇ ಹೊದಿಸಿ 3 ಕೆಜಿ. ಅದೂ ಸಾಲದಿದ್ದರೆ 70 ಮೈಕ್ರಾನ್ ಔಷಧ. ಇಷ್ಟಾದರೂ ಪಿಎಚ್ 102ರ ಗೆರೆಗಿಂತ ಕೆಳಗೇ ಉಳಿದರೆ?


ಹರಳುಪುಡಿ:

ಆಗ ಡೈರೆಕ್ಟ್ ಕಂಪ್ರೆಷನ್ ಬಿಟ್ಟು ರೋಲರ್ ಕಂಪ್ಯಾಕ್ಷನ್ (ಪುಡಿಯನ್ನು ಎರಡು ರೋಲರ್ ನಡುವೆ ಒತ್ತಿ ರಿಬ್ಬನ್ ಮಾಡಿ, ಅದನ್ನು ಕಾಳಾಗಿ ಒಡೆಯುವುದು). ಔಷಧ, ಅರ್ಧ ಎಂಸಿಸಿ, ಅರ್ಧ ಕ್ರಾಸ್‌ಕಾರ್ಮೆಲೋಸ್, ಅರ್ಧ ಸ್ಟಿಯರೇಟ್ ಒಳಗೆ (ಒತ್ತುವ ಮೊದಲೇ), ಉಳಿದದ್ದು ಹೊರಗೆ (ಪುಡಿಮಾಡಿದ ಮೇಲೆ). ರಿಬ್ಬನ್‌ನ ಘನ ಭಾಗ 0.65ರಿಂದ 0.70ರ ಒಳಗೆ ನಿಲ್ಲಿಸಿ. ಹೆಚ್ಚು ಒತ್ತಿದರೆ ಎಂಸಿಸಿ ತನ್ನ ಬಂಧಶಕ್ತಿಯನ್ನು ಅಲ್ಲೇ ಖರ್ಚುಮಾಡಿಬಿಡುತ್ತದೆ, ಮಾತ್ರೆಗೆ ಉಳಿಯದು. ರೋಲರ್‌ಗೆ ತಣ್ಣೀರಿನ ಓಟ ಇರಲೇಬೇಕು, ಇಲ್ಲದಿದ್ದರೆ ಐಬುಪ್ರೊಫೆನ್ ರೋಲರ್ ಮೈಗೆ ಮೆತ್ತುತ್ತದೆ. 1 ಮಿಮೀ ಸ್ಕ್ರೀನ್‌ನಲ್ಲಿ ಪುಡಿಮಾಡಿದ ಮೇಲೆ 60 ಮೆಷ್ ದಾಟುವ ಸಣ್ಣ ಪುಡಿ ಎಷ್ಟೆಂದು ತೂಗಿ ಇಟ್ಟುಕೊಳ್ಳಿ. ಅದು ಹೆಚ್ಚಿದ್ದರೆ ಮೇಲೆ ಹೇಳಿದ ಮೇಲ್ಮೈ ಲೆಕ್ಕವೇ ಮತ್ತೆ ಎದುರಾಗುತ್ತದೆ. ಈ ಸಲ 35 ಮೈಕ್ರಾನ್ ಔಷಧದ ಬದಲು ಗ್ರಾನ್ಯೂಲ್‌ನ ಪುಡಿಯ ಜೊತೆ.